ಟ್ರಸ್ಟೋ, ಕಂಪನಿಯೋ? ಒಂದು ಎರಡಾಣೆಯ ಕಥೆ

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಕೆಲಸ ಬಿಟ್ಟು ಊರಿನ ನೇಕಾರರಿಗಾಗಿ ಏನಾದರೂ ಮಾಡಬೇಕಂತೆ. "ಟ್ರಸ್ಟ್ ಮಾಡ್ಲಾ, ಕಂಪನಿ ಮಾಡ್ಲಾ, ನೀನೇ ಹೇಳು ಮಾರಾಯ" ಅಂದ. ಕೋಡ್ ಬರೆಯೋ ನನಗೇನು ಗೊತ್ತು! ಆದರೆ ಫೋನ್ ಇಟ್ಟ ಮೇಲೆ ಉಡುಪಿಯ ಹಳೇ ಕಥೆಯೊಂದು ನೆನಪಾಯಿತು.

1925. ಕೈಮಗ್ಗದ ಕಸುಬು ಕುಸಿದು ಅಲ್ಲಿನ ನೇಕಾರರು ಕಂಗಾಲಾಗಿದ್ದ ಕಾಲ. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್' ಶುರು ಮಾಡಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಇದೇ. ಗಮನಿಸಿ, ಅವರು ಕಟ್ಟಿದ್ದು ದಾನದ ನಿಧಿಯನ್ನಲ್ಲ, ಕಂಪನಿಯನ್ನು. ದಾನದ ದುಡ್ಡು ಒಬ್ಬನ ಕೈ ಸೇರಿದರೆ ಅಲ್ಲಿಗೆ ಮುಗಿಯಿತು. ಸಾಲವಾದರೆ ಮರಳಿ ಬಂದು ಇನ್ನೊಬ್ಬನ ಮಗ್ಗಕ್ಕೆ ನೂಲಾಗುತ್ತದೆ.

ಸರಿ, ಸಾಲ ಕೊಡಲು ಠೇವಣಿ ಬೇಕಲ್ಲ? 1928ರಲ್ಲಿ ಪಿಗ್ಮಿ ಬಂತು. ಏಜೆಂಟ್ ದಿನಾ ಮನೆ ಬಾಗಿಲಿಗೇ ಬಂದು ಎರಡಾಣೆ ಕೊಟ್ಟರೂ ಕಟ್ಟಿಸಿಕೊಳ್ಳುತ್ತಿದ್ದ. ದಿನಕ್ಕೆ ಎರಡಾಣೆ ಅಂದ್ರೆ ತಿಂಗಳಿಗೆ 3 ರೂಪಾಯಿ 12 ಆಣೆ! ದಾನ ಪಡೆಯುವವನು ಕೊಟ್ಟಷ್ಟಕ್ಕೆ ಕೈಮುಗಿಯಬೇಕು. ಪಿಗ್ಮಿ ಕಟ್ಟಿದವನು ಪಾಸ್‌ಬುಕ್ ಹಿಡಿದು ಲೆಕ್ಕ ಕೇಳಬಹುದು. ನನಗೆ ಇದು ಸಣ್ಣ ವ್ಯತ್ಯಾಸ ಅನ್ನಿಸೋದಿಲ್ಲ.

ಹಾಗಾದರೆ ಕಂಪನಿಯೇ ಸರಿ ಅಂತೀರಾ? ತಡೀರಿ. ಅದೇ ಡಾಕ್ಟರ್ ಪೈ 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದಾಗ ಆರಿಸಿಕೊಂಡದ್ದು ಕಂಪನಿಯನ್ನಲ್ಲ, ಸೊಸೈಟಿಯನ್ನು. ಶಿಕ್ಷಣದ ಫಲ ಬರುವುದು ವರ್ಷಗಳ ನಂತರ, ಅದೂ ವಿದ್ಯಾರ್ಥಿಗೆ. ಷೇರುದಾರನಿಗೆ ಅದರಲ್ಲಿ ಪಾಲು ಹಂಚುವುದು ಹೇಗೆ?

ಹಾಗಂತ ಲಾಭಕ್ಕಲ್ಲ ಅಂದರೆ ಪುಕ್ಕಟೆ ಅಂತಲ್ಲ. 1953ರಲ್ಲಿ ಶುರುವಾದ ಕಸ್ತೂರ್ಬಾ ಮೆಡಿಕಲ್ ಕಾಲೇಜು ನಡೆದದ್ದೂ ವಿದ್ಯಾರ್ಥಿಗಳ ಶುಲ್ಕದಿಂದಲೇ. ಖಾಸಗಿ ಕಾಲೇಜುಗಳ ಶುಲ್ಕದ ಜಗಳ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ಟಿ.ಎಂ.ಎ. ಪೈ ಫೌಂಡೇಶನ್ ಹೆಸರಿನ ಮೊಕದ್ದಮೆಯಲ್ಲಿ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿದ್ದಿಷ್ಟು: ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಉಳಿತಾಯ ಮಾಡಿಕೊಳ್ಳಬಹುದು, ಲಾಭಕೋರತನ ಮತ್ತು ಕ್ಯಾಪಿಟೇಶನ್ ಸಲ್ಲದು. ಅಂದರೆ ಬೋರ್ಡಿನ ಮೇಲೆ 'ಟ್ರಸ್ಟ್' ಅಂತ ಬರೆಸಿದ ಮಾತ್ರಕ್ಕೆ ದುರಾಸೆಗೆ ಬೀಗ ಬೀಳೋದಿಲ್ಲ.

ಕಂಪನಿಯೂ ಶಾಶ್ವತವಲ್ಲ ಬಿಡಿ. ಸಿಂಡಿಕೇಟ್ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರೂ ಹೋಯಿತು. ಪಿಗ್ಮಿ ಎಂಬ ಪದ ಮಾತ್ರ ನಮ್ಮ ಅಂಗಡಿ ಬೀದಿಗಳಲ್ಲಿ ಉಳಿದಿದೆ.

ಗೆಳೆಯನಿಗೆ ಕೊನೆಗೆ ಹೇಳಿದ್ದಿಷ್ಟೇ. ನೇಕಾರರಿಗೆ ನೂಲು, ಸಾಲ, ಮಾರುಕಟ್ಟೆ ಕೊಡೋದಾದರೆ ದುಡ್ಡು ತಿರುಗಿ ಬರುತ್ತೆ, ಕಂಪನಿ ಮಾಡು. ಅವರ ಮಕ್ಕಳಿಗೆ ಶಾಲೆ ಮಾಡೋದಾದರೆ ಟ್ರಸ್ಟ್ ಮಾಡು. ಯಾವುದೇ ಆದರೂ, ವರ್ಷದ ಕೊನೆಗೆ ಉಳಿದ ದುಡ್ಡು ಯಾರದ್ದು ಅಂತ ಮೊದಲ ದಿನವೇ ಬರೆದಿಡು.

ಅವನಿನ್ನೂ ಯೋಚಿಸ್ತಾ ಇದ್ದಾನೆ.. ನೀವಾಗಿದ್ರೆ ಏನು ಹೇಳ್ತಿದ್ರಿ?