ಆಟದಲ್ಲಲ್ಲ, ಅಟ್ಟದಲ್ಲಿ

ಮೊನ್ನೆ ದಸರಾ ಕಳೆದ ಮೇಲಿನ ಮೊದಲ ಭಾನುವಾರ ಅಟ್ಟದಿಂದ ಟೆಂಟ್ ಇಳಿಸಿದೆ. ಅಟ್ಟ ಎಂದರೆ ಊರಿನ ಅಟ್ಟ ಅಲ್ಲ ಮತ್ತೆ. ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ಬಚ್ಚಲುಮನೆಯ ತಲೆಯ ಮೇಲೊಂದು ಗೂಡಿದೆ, ಇಲ್ಲಿಯವರು ದುಛತ್ತಿ ಎನ್ನುತ್ತಾರೆ. ಅದರಲ್ಲಿ ಹಳೇ ಸೂಟ್‌ಕೇಸು, ಮಗನ ಕ್ರಿಕೆಟ್ ಬ್ಯಾಟು, ಕೆಟ್ಟುಹೋದ ಕೂಲರ್ ಪಂಪು, ಎಲ್ಲಕ್ಕೂ ಹಿಂದೆ ನನ್ನ ಟೆಂಟು, ಎರಡು ಸ್ಲೀಪಿಂಗ್ ಬ್ಯಾಗು, ಒಂದು ಜೊತೆ ಬೂಟು. ಮೂರು ವರ್ಷದಿಂದ ಮುಟ್ಟಿರಲಿಲ್ಲ. ಈ ಸಲ ರಜೆಗೆ ಬಂದ ಮಗ "ಅಪ್ಪಾ, ಚಕ್ರಾತಾ ಕಡೆ ಹೋಗಿ ಎರಡು ರಾತ್ರಿ ಇದ್ದು ಬರೋಣ" ಅಂದದ್ದೇ ನೆಪ.

ಚೀಲದ ಬಾಯಿ ಬಿಚ್ಚಿದೆ. ಏನು ನಾತ ಅಂತೀರಿ! ಹಾಸಲು ಹೋದರೆ ಬಟ್ಟೆಗೆ ಬಟ್ಟೆ ಅಂಟಿಕೊಂಡು, ಹಲಸಿನ ಮೇಣ ಮುಟ್ಟಿದ ಹಾಗೆ ಕೈಗೂ ಅಂಟುತ್ತಿತ್ತು. ಬೂಟು ಹಾಕಿಕೊಂಡು ಹಾಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟೆ. ಅಟ್ಟೆ ಪುಡಿಪುಡಿಯಾಗಿ ನೆಲಕ್ಕೆ ಉದುರಿತು. ಹೊಸದಾಗಿ ಗುಡಿಸಿದ ನೆಲ ನೋಡಿ ನನ್ನವಳು ಹೇಳಿದ್ದು ಒಂದೇ ಮಾತು: "ಕಬಾಡಿಯವನಿಗೆ ಹಾಕಿ, ಅಟ್ಟವಾದರೂ ಖಾಲಿಯಾಗಲಿ."

ಗಢವಾಲದ ಆಲಿಕಲ್ಲು ಮಳೆಗೂ ಜಗ್ಗದ ಟೆಂಟು ಮನೆಯೊಳಗೆ ಸುಮ್ಮನೆ ಕೂತು ಸತ್ತುಹೋಗಿತ್ತು. ಆಗ ನೆನಪಾದದ್ದು ನನ್ನ ಸೋದರಮಾವ.

ನಮ್ಮದು ಪುತ್ತೂರಿನ ಕಡೆ. ಮಾವ ಒಂದು ಯಕ್ಷಗಾನ ಡೇರೆ ಮೇಳದಲ್ಲಿ ಡೇರೆ ಹಾಕುವ ಕೆಲಸದಲ್ಲಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಯಲಾಟದ ಮೇಳಗಳು ಬಯಲಿನಲ್ಲಿ ಆಡುತ್ತವೆ, ಟಿಕೆಟ್ ಇಲ್ಲ. ಡೇರೆ ಮೇಳ ದೊಡ್ಡ ಡೇರೆ ಹಾಕಿ, ಕುರ್ಚಿ ಇಟ್ಟು, ಟಿಕೆಟ್ ಮಾರಿ ಆಡುತ್ತದೆ. ದೀಪಾವಳಿ ಕಳೆದ ಮೇಲೆ ತಿರುಗಾಟ ಶುರುವಾದರೆ ದಿನಕ್ಕೊಂದು ಊರು. ಮೇ ತಿಂಗಳ 24ರ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಮಳೆಗಾಲ ಮುಗಿಯುವ ತನಕ ಆಟವಿಲ್ಲ. ಮಾವನ ನಿಜವಾದ ಕೆಲಸ ಶುರುವಾಗುತ್ತಿದ್ದದ್ದೇ ಆಗ. ಮೊದಲ ಮಳೆ ಬೀಳುವ ಮುಂಚೆ ಡೇರೆ ಬಟ್ಟೆಯನ್ನೆಲ್ಲ ಕೊಯ್ದ ಗದ್ದೆಯಲ್ಲಿ ಹರಡಿ, ಎರಡೂ ಮಗ್ಗುಲು ಒಣಗಿಸಿ, ಹರಿದಲ್ಲಿ ತೇಪೆ ಹಾಕಿ, ಸುತ್ತಿ, ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲೆ ಇಡಬೇಕು. "ಡೇರೆ ಕೆಡುವುದು ಆಟದಲ್ಲಿ ಅಲ್ಲ ಮಾರಾಯಾ, ಅಟ್ಟದಲ್ಲಿ" ಎನ್ನುತ್ತಿದ್ದರು. ಮಾವನ ಹೆಸರು ಯಾವ ಹ್ಯಾಂಡ್‌ಬಿಲ್ಲಿನಲ್ಲೂ ಬರಲಿಲ್ಲ ಬಿಡಿ.

ಆ ಮಾತನ್ನು ನಮ್ಮ ದೆಹಲಿ ಮಾವನಿಗಿಂತ ಆರು ಶತಮಾನ ಮೊದಲೇ ತಿಳಿದುಕೊಂಡಿತ್ತು!

ಮೆಟ್ರೋದಲ್ಲಿ ಚಾವಡಿ ಬಜಾರಿಗೆ ಹೋಗಿ ಹೌಜ್ ಕಾಜಿ ಚೌಕದಲ್ಲಿ ಮೇಲೆ ಬನ್ನಿ. ಅಲ್ಲಿಂದ ಲಾಲ್ ಕುವಾಂ ಬೀದಿ ಹಿಡಿದು ಖಾರಿ ಬಾವಲಿಯ ಕಡೆ ನಡೆದರೆ ಎಡಗಡೆಗೆ ಒಂದು ಮೊಹಲ್ಲಾ ಸಿಗುತ್ತದೆ, ಹೆಸರು ಫರಾಶ್ ಖಾನಾ. ಫರಾಶ್ ಎಂದರೆ ಹಾಸುವವನು. ಜಮಖಾನ ಹಾಸುವವನು, ಡೇರೆ ನಿಲ್ಲಿಸುವವನು. ಫರಾಶ್ ಖಾನಾ ಎಂದರೆ ಅರಮನೆಯ ಡೇರೆ, ಕನಾತು, ಜಮಖಾನಗಳನ್ನು ಒಂದು ಪಯಣದಿಂದ ಮುಂದಿನ ಪಯಣದ ತನಕ ಕಾಯ್ದಿಡುವ ಇಲಾಖೆ, ಅದರ ಉಗ್ರಾಣ. ಈಗ ಅಲ್ಲಿ ಡೇರೆ ಇಲ್ಲ. ಎರಡು ಸ್ಕೂಟರ್ ಎದುರಾದರೆ ನಿಂತುಹೋಗುವ ಗಲ್ಲಿಗಳು, ತಲೆಯ ಮೇಲೆ ಕರೆಂಟಿನ ತಂತಿಗಳ ಬಲೆ. ಹೆಸರು ಮಾತ್ರ ಉಳಿದಿದೆ.

ಹೆಸರು ಇನ್ನೊಂದು ಕಡೆಯೂ ಉಳಿದಿತ್ತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಪ್ಯೂನ್, ದಫ್ತರಿ, ಜಮಾದಾರ್ ಇದ್ದ ಹಾಗೆ ಫರಾಶ್ ಅಂತಲೂ ಒಂದು ಹುದ್ದೆಯಿತ್ತು. ನಮ್ಮ ಸೆಕ್ಷನ್ನಿನ ಫರಾಶ್ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಮೇಜು ಒರೆಸುತ್ತಿದ್ದ. ಆತನ ಹುದ್ದೆಯ ಹೆಸರು ಬಾದಶಹರ ಕಾಲದ್ದು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. 2008ರಲ್ಲಿ ಆರನೇ ವೇತನ ಆಯೋಗ ಬಂದು 'ಡಿ' ದರ್ಜೆಯೇ ಹೋಯಿತು, ಫರಾಶರೆಲ್ಲ ಮಲ್ಟಿ ಟಾಸ್ಕಿಂಗ್ ಸ್ಟಾಫ್ ಆದರು.

ಇರಲಿ, ಡೇರೆಗೆ ಬರೋಣ. ಈಗಿನ ಫಿರೋಜ್ ಶಾ ಕೋಟ್ಲಾ ಇರುವ ಕಡೆ ರಾಜಧಾನಿ ಕಟ್ಟಿಕೊಂಡಿದ್ದ ಫಿರೋಜ್ ಶಾ ತುಘಲಕ್‌ಗೆ (ಆಳಿದ್ದು 1351ರಿಂದ 1388) 36 ಕಾರ್ಖಾನೆಗಳಿದ್ದವು. ಕಾರ್ಖಾನೆ ಎಂದರೆ ಹೊಗೆ ಉಗುಳುವ ಫ್ಯಾಕ್ಟರಿಯಲ್ಲ, ಅರಮನೆಗೆ ಬೇಕಾದ್ದನ್ನು ಮಾಡಿಸುವ, ಕಾಪಾಡುವ ಖಾತೆ. ಅವುಗಳಲ್ಲಿ ಫರಾಶ್ ಖಾನೆಯೂ ಒಂದು.

ಅಕ್ಬರನ ಕಾಲಕ್ಕೆ ಇದು ದೊಡ್ಡ ಶಾಸ್ತ್ರವೇ ಆಗಿಬಿಟ್ಟಿತು. ಅಬುಲ್ ಫಜಲ್ ಬರೆದ ಐನ್-ಎ-ಅಕ್ಬರಿಯಲ್ಲಿ ಫರಾಶ್ ಖಾನೆಗೆ ಪ್ರತ್ಯೇಕ ಅಧ್ಯಾಯವಿದೆ. ಬಾರ್ಗಾಹ್ ಎಂಬ ಸಭಾ ಡೇರೆ ಹತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವಂಥದ್ದು, ಅದನ್ನು ನಿಲ್ಲಿಸಲು ಸಾವಿರ ಫರಾಶರಿಗೆ ಒಂದು ವಾರ ಬೇಕಂತೆ. ಯಾವ ಅಲಂಕಾರವೂ ಇಲ್ಲದ ಸಾದಾ ಬಾರ್ಗಾಹಿಗೇ ಹತ್ತು ಸಾವಿರ ರೂಪಾಯಿ, ಅದೂ ಆ ಕಾಲದ ರೂಪಾಯಿ! ಗುಲಾಲ್‌ಬಾರ್ ಎಂಬ ಮರದ ಜಾಲರಿ ಬೇಲಿಯನ್ನು ಚರ್ಮದ ಪಟ್ಟಿಗಳಿಂದ ಜೋಡಿಸಿದ್ದರು, ಬೇಕಾದಾಗ ಮಡಚಬಹುದು, ಅದಕ್ಕೆ ಬಾಗಿಲು, ಬಾಗಿಲಿಗೆ ಬೀಗ. ಒಂದು ಬಿಡಾರ ಹೊರಡಬೇಕಾದರೆ 100 ಆನೆ, 500 ಒಂಟೆ, 400 ಗಾಡಿ. ಜೊತೆಗೆ ಸಾವಿರ ಫರಾಶರು, 50 ಬಡಗಿಗಳೂ ಡೇರೆ ಹೊಲಿಯುವವರೂ ದೀವಟಿಗೆಯವರೂ, 30 ಚರ್ಮದ ಕೆಲಸದವರು, 150 ಗುಡಿಸುವವರು. ಈ ಪಟ್ಟಿಯಲ್ಲಿ ನನಗೆ ಹಿಡಿಸಿದ್ದು ಆನೆಗಳಲ್ಲ, ಹೊಲಿಯುವವರು ಮತ್ತು ಚರ್ಮದವರು. ದುರಸ್ತಿ ಮಾಡುವವನನ್ನು ಜೊತೆಗೇ ಕರೆದುಕೊಂಡು ಹೋಗುತ್ತಿದ್ದರು.

ಬಾದಶಹನಿಗೆ ಆನೆಗಳಿದ್ದವು, ನಮ್ಮಂಥ ಸಂಬಳದವರು ಏನು ಮಾಡುತ್ತಿದ್ದರು? ಅದಕ್ಕೂ ಉತ್ತರವಿದೆ. 1664ರ ಡಿಸೆಂಬರ್ 6ರ ಮಧ್ಯಾಹ್ನ ಮೂರು ಗಂಟೆಗೆ, ಜ್ಯೋತಿಷಿಗಳು ಕೊಟ್ಟ ಮುಹೂರ್ತಕ್ಕೆ, ಔರಂಗಜೇಬ್ ದೆಹಲಿಯಿಂದ ಕಾಶ್ಮೀರದ ದಾರಿ ಹಿಡಿದ. ಹಿಂದೆ ಹೋದವರಲ್ಲಿ ಫ್ರಾನ್ಸಿನ ವೈದ್ಯ ಫ್ರಾಂಸ್ವಾ ಬರ್ನಿಯೆ ಒಬ್ಬ. ತನ್ನ ಸಾಮಾನನ್ನೆಲ್ಲ ಬರೆದಿಟ್ಟಿದ್ದಾನೆ ಪುಣ್ಯಾತ್ಮ. ಮಧ್ಯಮ ಗಾತ್ರದ ಒಂದು ಡೇರೆ, ಒಂದು ಜಮಖಾನ, ಗಟ್ಟಿಯಾದರೂ ಹಗುರವಾದ ನಾಲ್ಕು ಬೆತ್ತಗಳ ಮಡಚು ಮಂಚ, ದಿಂಬು, ಎರಡು ಹೊದಿಕೆ (ಅದರಲ್ಲೊಂದನ್ನು ನಾಲ್ಕು ಮಡಿಕೆ ಮಾಡಿದರೆ ಹಾಸಿಗೆ), ಊಟಕ್ಕೆ ಹಾಸುವ ಚರ್ಮದ ತುಂಡು. ಪಾತ್ರೆಗಳು ಸಣ್ಣ ಚೀಲಗಳಲ್ಲಿ, ಆ ಚೀಲಗಳು ಒಂದು ದೊಡ್ಡ ಚೀಲದಲ್ಲಿ, ಅದು ಚರ್ಮದ ಬಾರುಗಳ ಇನ್ನೂ ದೊಡ್ಡ ಜೋಡಿ ಚೀಲದಲ್ಲಿ. ಐದಾರು ದಿನದ ಅಕ್ಕಿ, ನಿಂಬೆ, ಸಕ್ಕರೆ. ಮೊಸರು ಕಟ್ಟಿ ನೇತುಹಾಕಲು ಕಬ್ಬಿಣದ ಕೊಕ್ಕೆ ಇರುವ ಬಟ್ಟೆಯ ಚೀಲ ಕೂಡ! ಪ್ಯಾಕಿಂಗ್ ಎಂದರೆ ಇದು ನೋಡಿ.

ಆಮೇಲೆ ಇನ್ನೊಂದು ಜಾಣತನ. ನಗರದಿಂದ ಹೊರಟ ಸವಾರಿ ಎರಡು ಹರದಾರಿ ದೂರದ ಶಾಲಿಮಾರ್ ತೋಟದಲ್ಲಿ ಆರು ದಿನ ನಿಂತಿತು, ಹದಿನೆಂಟು ತಿಂಗಳ ಪಯಣಕ್ಕೆ ಎಲ್ಲರೂ ತಯಾರಿ ಮುಗಿಸಿಕೊಳ್ಳಲಿ ಅಂತ. ಇವತ್ತಿನ ಶಾಲಿಮಾರ್ ಬಾಗ್ ಬಡಾವಣೆಯ ಪಕ್ಕದ್ದೇ ಆ ತೋಟ. ಮನೆಯಲ್ಲಿ ಏನು ಮರೆತೆವು, ಉಗ್ರಾಣದಲ್ಲಿ ಏನು ಕೆಟ್ಟಿದೆ ಎಂದು ಹಿಂದಿರುಗಿ ಹೋಗಬಹುದಾದ ದೂರದಲ್ಲೇ ಗೊತ್ತಾಗಿಬಿಡಬೇಕು. ನಾನೂ ಹೊರಡುವ ಹಿಂದಿನ ರಾತ್ರಿಯ ಬದಲು ಎರಡು ವಾರ ಮುಂಚೆ ಅಟ್ಟ ಹತ್ತಿದ್ದೆನಲ್ಲ, ಅಷ್ಟಾದರೂ ಬುದ್ಧಿ ಬಂದಿದೆ.

ಬಾದಶಹನ ಡೇರೆಗಳು ಎರಡು ಜೊತೆ ಇದ್ದವು. ಒಂದರಲ್ಲಿ ಆತ ಮಲಗಿದ್ದಾಗ ಇನ್ನೊಂದು ಮುಂದಿನ ನಿಲ್ದಾಣಕ್ಕೆ ಹೋಗಿ ಎದ್ದು ನಿಂತಿರುತ್ತಿತ್ತು. ಇದಕ್ಕೆ ಪೇಶ್ ಖಾನಾ ಎಂದು ಹೆಸರು. ಹೊರಗೆ ಒರಟು ಕೆಂಪು ಬಟ್ಟೆ, ಒಳಗೆ ಮಚಲೀಪಟ್ಟಣದ ಹೂವಿನ ಚೀಟಿ ಬಟ್ಟೆ.

ಚೀಟಿ ಬಟ್ಟೆ ಎಂದಾಗ ನಮ್ಮೂರಿನ ಕಡೆಯ ಒಂದು ಡೇರೆಯ ಕಥೆ ಹೇಳಲೇಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ ಮದ್ರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್, ಪ್ಲಾಸಿಯ ಕ್ಲೈವನ ಮಗ. ಟಿಪ್ಪುವಿನ ಡೇರೆ ಅವನ ಕೈಸೇರಿ ವೇಲ್ಸಿನ ಪೊವಿಸ್ ಕೋಟೆಮನೆಗೆ ಹೋಯಿತು. ಹದಿನೆಂಟನೇ ಶತಮಾನದ ಮೊದಲರ್ಧದಲ್ಲಿ ನೇಯ್ದ ಹತ್ತಿ ಬಟ್ಟೆ, ಒಳಗೆಲ್ಲ ಹೂದಾನಿ, ಹೂಬಳ್ಳಿಗಳ ಅಚ್ಚು. ಆ ಮನೆಯವರು ತೋಟದ ಪಾರ್ಟಿಗಳಿಗೆ ಅದನ್ನು ನಿಲ್ಲಿಸಿ ಚಹಾ ಕುಡಿದರು, ಮತ್ತೆ ಮಡಚಿಟ್ಟರು. ಇವತ್ತಿಗೂ ಅಲ್ಲಿದೆ. ಸುಲ್ತಾನನ ಡೇರೆ ಗಾರ್ಡನ್ ಪಾರ್ಟಿಗೆ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಪಾರ್ಟಿ ಮುಗಿದ ಮೇಲೆ ಯಾರೋ ಆಳುಮಗ ಒದ್ದೆಯಿಲ್ಲದೆ ಮಡಚಿ ಕತ್ತಲಲ್ಲಿ ಇಟ್ಟಿರಬೇಕಲ್ಲ, ಹಾಗಲ್ಲದಿದ್ದರೆ ಇಷ್ಟು ವರ್ಷ ಹತ್ತಿ ಬಟ್ಟೆ ಬಾಳುತ್ತಿತ್ತೇ?

ಮತ್ತೆ ನನ್ನ ನೈಲಾನು ಇಪ್ಪತ್ತು ವರ್ಷಕ್ಕೇ ಯಾಕೆ ಹೋಯಿತು? ಹತ್ತಿಗೆ ಶತ್ರು ಬೂಷ್ಟು ಮತ್ತು ಇಲಿ. ನೈಲಾನಿಗೆ ಅವೆರಡರ ಭಯ ಕಡಿಮೆ. ಆದರೆ ನೀರು ಸೋರದಿರಲೆಂದು ಅದರ ಒಳಮೈಗೆ ಪಾಲಿಯುರೆಥೇನ್ ಲೇಪ ಕೊಟ್ಟಿರುತ್ತಾರೆ. ತೇವ ಮತ್ತು ಸೆಕೆ ಎರಡೂ ಸೇರಿದರೆ ಆ ಲೇಪ ನಿಧಾನವಾಗಿ ಒಡೆದು ಅಂಟಾಗುತ್ತದೆ. ಬೂಟಿನ ಅಟ್ಟೆಯೂ ಎಷ್ಟೋ ಸಲ ಅದೇ ಜಾತಿಯದು, ನಡೆಯದೆ ಇಟ್ಟರೂ ಪುಡಿಯಾಗುತ್ತದೆ. ಜೂನಿನಲ್ಲಿ ಕಾದ ಒಲೆಯಾಗಿ, ಆಗಸ್ಟಿನಲ್ಲಿ ಬಚ್ಚಲಿನ ಹಬೆ ಕುಡಿಯುವ ನಮ್ಮ ದುಛತ್ತಿಗಿಂತ ಒಳ್ಳೆಯ ಮಸಣ ಅದಕ್ಕೆ ಬೇರೆ ಬೇಕೇ? ಗೋದ್ರೆಜ್ ಬೀರುವಿನ ತಳಭಾಗವೋ, ರಜಾಯಿ ಇಡುವ ಪೆಟ್ಟಿಗೆ ಮಂಚವೋ ಸಾವಿರ ಪಾಲು ವಾಸಿ.

ಸರಿ, ಇಡೀ ಸಾಮಾನು ಹೊತ್ತು ತಾರಸಿಗೆ ಹೋದೆ. ನೈಲಾನಿಗೆ ಬಿಸಿಲು ಆಗದು, ನೀರಿನ ಟ್ಯಾಂಕಿನ ನೆರಳಿನಲ್ಲಿ ಹಗ್ಗ ಕಟ್ಟಿ ಹರಡಿದೆ. ಅಲ್ಲಿ ಕೆಳಮನೆಯ ಮಾತಾಜಿ ರಜಾಯಿಗಳನ್ನು ಬಿಸಿಲಿಗೆ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತೈದು ದಾಟಿದೆ. ಎದ್ದು ಬಂದು ಬಟ್ಟೆ ಮುಟ್ಟಿ ನೋಡಿ, "ತಂಬೂ ಅಲ್ಲವೇ ಬೇಟಾ?" ಎಂದರು. ಹೌದೆಂದೆ. "ನಾವೂ ಇದ್ದೆವು, ಕಿಂಗ್ಸ್‌ವೇ ಕ್ಯಾಂಪಿನಲ್ಲಿ."

ನಿಮಗೆ ಗೊತ್ತಿರಬಹುದು, ಉತ್ತರ ದೆಹಲಿಯ ಆ ಬಯಲು ಪಕ್ಕದಲ್ಲೇ 1911ರ ಡಿಸೆಂಬರ್ 12ರಂದು ಐದನೇ ಜಾರ್ಜ್ ದರ್ಬಾರ್ ನಡೆಸಿದ್ದು, ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಬರುತ್ತದೆ ಎಂದು ಸಾರಿದ್ದು. ಸುತ್ತ ಸುಮಾರು 25 ಚದರ ಮೈಲಿ ಡೇರೆಗಳೇ ಡೇರೆಗಳು, ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರೂ ಅಲ್ಲಿಗೆ ಬಂದಿದ್ದರು. ದರ್ಬಾರ್ ಮುಗಿದ ಮೇಲೆ ಬಂದವರೆಲ್ಲ ಡೇರೆ ಮಡಚಿ ತಂತಮ್ಮ ಅರಮನೆಗೆ ಹೋದರು. 1947ರಲ್ಲಿ ಅದೇ ಕಡೆ ಮತ್ತೆ ಡೇರೆಗಳು ಎದ್ದವು. ಈ ಸಲ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗೆ. ಪುರಾನಾ ಕಿಲಾ, ಹುಮಾಯೂನನ ಗೋರಿಯ ಆವರಣದಲ್ಲೂ ಹೀಗೆಯೇ. ಪಾಕಿಸ್ತಾನಕ್ಕೆ ಹೊರಟ ಮುಸಲ್ಮಾನರು ರೈಲಿಗೆ ಕಾಯುತ್ತ ಅಲ್ಲಿ ಬಿಡಾರ ಹೂಡಿದ್ದರು.

"ಎರಡು ಚಳಿಗಾಲ ಅದರಲ್ಲೇ ಕಳೆದೆವು" ಎಂದರು ಮಾತಾಜಿ. "ಎಲ್ಲಿಡುತ್ತಿದ್ದಿರಿ?" ಎಂದು ಕೇಳಿದೆ, ತಲೆಯಲ್ಲಿ ಬೆಳಗಿನಿಂದ ಅದೇ ಸುತ್ತುತ್ತಿತ್ತು ನೋಡಿ. ಅವರು ನನ್ನ ಮುಖ ನೋಡಿ ನಕ್ಕರು. "ಇಡುವುದೆಲ್ಲಿ ಬೇಟಾ? ಒಂದು ದಿನವೂ ಮಡಚಲಿಲ್ಲ. ಮಡಚಿದರೆ ನಾವೆಲ್ಲಿರಬೇಕಿತ್ತು?"

ಕೇಳಿದ್ದಕ್ಕೆ ನಾಚಿಕೆಯಾಯಿತು. ಅಟ್ಟವಿದ್ದವನಿಗೆ ಮಾತ್ರ ಡೇರೆ ಪ್ರವಾಸ, ಅಟ್ಟವಿಲ್ಲದವನಿಗೆ ಅದೇ ಮನೆ. ನಲವತ್ತು ವರ್ಷದ ಹಿಂದೆ ಒಂದು ಟ್ರಂಕು ಹಿಡಿದು ಈ ಊರಿಗೆ ಬಂದ ನಾನೂ ಎಷ್ಟೋ ಕಾಲ ಇದು ಬಿಡಾರ, ಮನೆ ಪುತ್ತೂರು ಅಂದುಕೊಂಡೇ ಇದ್ದೆ. ಕೆಟ್ಟ ಟೆಂಟಿಗಾಗಿ ಬೇಸರಪಡುವಷ್ಟು ಅಟ್ಟ ದೆಹಲಿ ನನಗೆ ಕೊಟ್ಟಿದೆ, ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೇಲಿನ ಹೊದಿಕೆ ಉಳಿಯಲಿಲ್ಲ. ಕೋಲುಗಳು, ಗೂಟಗಳು, ಒಳಡೇರೆ ಚೆನ್ನಾಗಿವೆ. ಹೊಸ ಹೊದಿಕೆ ಕೊಂಡದ್ದಾಯಿತು, ಬೂಟೂ ಆಯಿತು. ಕಬಾಡಿಯ ಮಾತೆತ್ತಿದ್ದವಳೇ ನನ್ನ ಹಳೇ ಪಂಚೆಯಿಂದ ಎರಡು ಸಡಿಲ ಚೀಲ ಹೊಲಿದುಕೊಟ್ಟಳು. ಸ್ಲೀಪಿಂಗ್ ಬ್ಯಾಗನ್ನು ಬಿಗಿಯಾಗಿ ತುರುಕಿಟ್ಟರೆ ಒಳಗಿನ ತುಪ್ಪುಳ ಸೊರಗಿ ಬೆಚ್ಚಗಿಡುವ ಗುಣ ಹೋಗುತ್ತದೆ. ಟಾರ್ಚಿನ ಸೆಲ್ ತೆಗೆದಿಟ್ಟೆ. ಎಲ್ಲವೂ ಈಗ ಪೆಟ್ಟಿಗೆ ಮಂಚದೊಳಗೆ, ರಜಾಯಿ ಬಿಟ್ಟುಕೊಟ್ಟ ಜಾಗದಲ್ಲಿ. ಫೆಬ್ರವರಿಯಲ್ಲಿ ರಜಾಯಿ ಮರಳಿದಾಗ ಜಗಳ ಗ್ಯಾರಂಟಿ, ಆಗ ನೋಡಿಕೊಂಡರಾಯಿತು.

ನಿಮ್ಮ ಅಟ್ಟದಲ್ಲಿ ಏನಿದೆ? ಬರುವ ಭಾನುವಾರ ಒಮ್ಮೆ ಇಳಿಸಿ, ಬಿಚ್ಚಿ, ಗಾಳಿಗೆ ಹಾಕಿ ನೋಡಿ.