ಏಳು ವರ್ಷದ ಲೆಕ್ಕ

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ರಜಾಕಾರರ ಹಾವಳಿ ಅಂದ್ರೆ ಇವತ್ತಿಗೂ ಮೊದಲು ಬಾಯಿಗೆ ಬರೋದು ಗೋರ್ಟಾ. 1948ರ ಮೇ ತಿಂಗಳಲ್ಲಿ ಬಂದೂಕು ಹಿಡಿದು ನುಗ್ಗಿದ ಗುಂಪು ಅಲ್ಲಿ ಸುಮಾರು 200 ಜನರನ್ನು ಕೊಂದಿತೆನ್ನುತ್ತಾರೆ. ರಜಾಕಾರರ ನಾಯಕ ಕಾಸಿಂ ರಜ್ವಿಗೆ 1950ರಲ್ಲಿ 7 ವರ್ಷ ಸಜೆಯಾಯಿತು. ಗೋರ್ಟಾಕ್ಕಲ್ಲ, ತೆಲಂಗಾಣದ ಬೀಬೀನಗರದ ದರೋಡೆಗೆ. 1957ರಲ್ಲಿ ಹೊರಬಂದ, ಪಾಕಿಸ್ತಾನಕ್ಕೆ ಹೋದ.

ಏಳೇ ವರ್ಷ ಯಾಕೆ ಅಂತ ಹುಡುಗರು ಕೇಳ್ತಾರೆ. ದರೋಡೆಗೊಂದು, ಬೆಂಕಿಗೊಂದು, ಬಂದೂಕಿಗೊಂದು ಅಂತ ಸಜೆಗಳನ್ನು ಒಂದು ಮುಗಿದ ಮೇಲೊಂದು ಅನುಭವಿಸುವಂತೆ ಮಾಡುವ ನಿಯಮ ಬ್ರಿಟಿಷರ 1898ರ ಸಂಹಿತೆಯಲ್ಲೇ ಇತ್ತು. 2024ರಲ್ಲಿ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯೂ ಅಪರಾಧದ ಗಂಭೀರತೆ ನೋಡಿ ಹಾಗೆ ಮಾಡಬಹುದೆನ್ನುತ್ತದೆ. ಆದರೆ ಕೂಡಿಸೋದು ಕೋರ್ಟಿನ ಮುಂದೆ ಬಂದ ಅಪರಾಧಗಳನ್ನು ಮಾತ್ರ. ಬೀಬೀನಗರದ ಕಡತದೊಳಗೆ ಗೋರ್ಟಾದ ಹೆಣಗಳು ಹೇಗೆ ಬಂದಾವು?

ಇನ್ನೊಂದು ಲೆಕ್ಕವೂ ಇದೆ, ಅದನ್ನು ಹೇಳೋರು ಕಡಿಮೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಲ್ಲೇ ಸೇಡಿಗೆ ಸಿಕ್ಕವರು ಬಡ ಮುಸ್ಲಿಮರು. ಪಂಡಿತ ಸುಂದರಲಾಲ್ ಸಮಿತಿ ಹೈದರಾಬಾದ್ ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಆ ವರದಿಯನ್ನು ಸರ್ಕಾರ ದಶಕಗಟ್ಟಲೆ ಹೊರಗೆ ಬಿಡಲಿಲ್ಲ.