ಮನೆ ಬಿಟ್ಟು ಹೋದವಳ ಹಾಡು

ರಾಕ್ ಸಂಗೀತವೆಂದರೆ ನನ್ನ ವಯಸ್ಸಿನ ಬಹಳಷ್ಟು ಹೆಂಗಸರಿಗೆ ಗಿಟಾರಿನ ಕಿರುಚಾಟ, ಡ್ರಮ್ಮಿನ ಬಡಿತ, ಭುಜದವರೆಗೆ ಕೂದಲು ಬಿಟ್ಟ ಗಂಡಸರು, ಇಷ್ಟೆ. ನಾನೂ ಹಾಗೆಯೇ ತಿಳಿದಿದ್ದೆ. ಮಗಳ ಕೋಣೆಯಿಂದ ಆ ಸದ್ದು ಬಂದಾಗಲೆಲ್ಲ ‘ಸ್ವಲ್ಪ ಕಡಿಮೆ ಮಾಡೇ’ ಎಂದು ಅಡಿಗೆಮನೆಯಿಂದಲೇ ಕೂಗುವುದು ನನಗೆ ಅಭ್ಯಾಸವಾಗಿತ್ತು. 2021ರ ಆಗಸ್ಟಿನಲ್ಲಿ, ಅವಳು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ ದಿನಗಳವು, ನಾನು ಹುರುಳಿಕಾಯಿ ಬಿಡಿಸುತ್ತ ಕೂತಿದ್ದೆ. ಅವಳು ಬಂದು, ‘ಅಮ್ಮಾ, ಈ ಹಾಡಿಗೆ ಹಾರ್ಪ್ ನುಡಿಸಿದ ಹೆಂಗಸು ತೀರಿಕೊಂಡರಂತೆ, 92 ವರ್ಷ. ಒಂದ್ಸಲ ಕೇಳು, ಇದರಲ್ಲಿ ಡ್ರಮ್ಮೇ ಇಲ್ಲ’ ಎಂದು ಫೋನನ್ನು ನನ್ನ ಪಕ್ಕದಲ್ಲಿಟ್ಟಳು.

ಹಾಡು ಶುರುವಾಯಿತು. ನಮ್ಮ ಸ್ವರಮಂಡಲದ ತಂತಿಗಳನ್ನು ಯಾರೋ ಬೆರಳ ತುದಿಯಿಂದ ಮೀಟಿದ ಹಾಗೆ. ಆಮೇಲೆ ಪಿಟೀಲುಗಳು. ಇಂಗ್ಲಿಷ್ ಮಾತು ನನಗೆ ಪೂರ್ತಿ ಹಿಡಿಯಲಿಲ್ಲ. ಮಗಳೇ ಬಿಡಿಸಿ ಹೇಳಿದಳು. ಬೆಳಗಿನ ಜಾವ ಒಬ್ಬ ಹುಡುಗಿ ಕಾಗದ ಬರೆದಿಟ್ಟು ಮನೆ ಬಿಟ್ಟು ಹೋಗುತ್ತಾಳೆ. ತಾಯಿ ಎದ್ದು ಆ ಕಾಗದ ನೋಡಿ ಮಲಗಿದ್ದ ಗಂಡನನ್ನು ಕೂಗುತ್ತಾಳೆ. ನಾವು ಇವಳಿಗೆ ಏನು ಕಡಿಮೆ ಮಾಡಿದ್ದೆವು ಎಂಬುದೇ ಇಬ್ಬರ ಗೋಳು. ನನ್ನ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. ಕಾರಣ ಆಮೇಲೆ ಹೇಳುತ್ತೇನೆ.

ಹಾಡು ಬೀಟಲ್ಸ್ ತಂಡದವರದು, ಹೆಸರು ‘ಷೀಸ್ ಲೀವಿಂಗ್ ಹೋಮ್’. 1967ರ ಫೆಬ್ರವರಿಯ ಕೊನೆಯಲ್ಲಿ ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆಯಲ್ಲಿ ಒಂದು ಸುದ್ದಿ ಬಂದಿತ್ತು. ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳು ತನ್ನದೇ ಕಾರನ್ನೂ ಬಟ್ಟೆಬರೆಯನ್ನೂ ಬಿಟ್ಟು ಕಾಣೆಯಾಗಿದ್ದಳು. ಬೇಕಾದ್ದೆಲ್ಲ ಇದ್ದವಳು ಯಾಕೆ ಹೋದಳೆಂದು ತಂದೆಗೆ ಅರ್ಥವಾಗಿರಲಿಲ್ಲ. ಅದನ್ನು ಓದಿದ ಪಾಲ್ ಮೆಕಾರ್ಟ್ನಿ ಹಾಡು ಕಟ್ಟತೊಡಗಿದ. ತಂದೆತಾಯಿಯ ಗೋಳಿನ ಮಾತುಗಳನ್ನು ಸೇರಿಸಿದವನು ಜಾನ್ ಲೆನನ್. ಅವನನ್ನು ಸಾಕಿದ ದೊಡ್ಡಮ್ಮ ಮಿಮಿ ಮನೆಯಲ್ಲಿ ಆಡುತ್ತಿದ್ದ ಮಾತುಗಳೇ ಅವು.

ಒಂದು ಸೋಜಿಗವುಂಟು. 1963ರಲ್ಲಿ ‘ರೆಡಿ ಸ್ಟೆಡಿ ಗೋ’ ಎಂಬ ಟೆಲಿವಿಷನ್ ಕಾರ್ಯಕ್ರಮದ ಸ್ಪರ್ಧೆಯಲ್ಲಿ ಗೆದ್ದ ಹುಡುಗಿಗೆ ಪಾಲ್ ತನ್ನ ಕೈಯಾರೆ ಬಹುಮಾನ ಕೊಟ್ಟಿದ್ದ. ಪತ್ರಿಕೆಯ ಹುಡುಗಿ ಅವಳೇ! ಹಾಡು ಬರೆಯುವಾಗ ಅವನಿಗೆ ಇದು ಗೊತ್ತಿರಲಿಲ್ಲ. ನಿಜದ ಹುಡುಗಿ ಹೋದದ್ದು ಬೆಳಗಿನ ಜಾವದಲ್ಲಲ್ಲ, ನಡು ಮಧ್ಯಾಹ್ನ. ಕೆಲವೇ ದಿನಗಳಲ್ಲಿ ಅವಳನ್ನು ಹುಡುಕಿ ಮನೆಗೆ ಕರೆತಂದರು. ಆದರೂ ತನ್ನ ಮನೆಯ ಕಥೆಗೆ ಹಾಡು ಎಷ್ಟು ಹತ್ತಿರವಾಗಿತ್ತೆಂದು ಆಕೆ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾಳೆ.

ಆ ಕಾಲವನ್ನೂ ಸ್ವಲ್ಪ ನೋಡಬೇಕು. ಆ ತಂದೆತಾಯಿಯರ ತಲೆಮಾರು ಮಹಾಯುದ್ಧವನ್ನು ಕಂಡಿತ್ತು. ಯುದ್ಧ 1945ರಲ್ಲಿ ಮುಗಿದರೂ ಬ್ರಿಟನ್ನಿನಲ್ಲಿ ಆಹಾರದ ರೇಷನ್ ಪೂರ್ತಿ ನಿಂತದ್ದು 1954ರಲ್ಲಿ. ಬೆಣ್ಣೆ, ಸಕ್ಕರೆಗಳನ್ನು ತೂಗಿ ತಿಂದ ಜನ, ‘ನಮ್ಮ ಮಕ್ಕಳಿಗೆ ಯಾವುದಕ್ಕೂ ಕಡಿಮೆಯಾಗಬಾರದು’ ಎಂದುಕೊಂಡರೆ ತಪ್ಪೇನು? ಮಕ್ಕಳಿಗೋ, ವಸ್ತುವಿನ ಕೊರತೆ ಗೊತ್ತೇ ಇರಲಿಲ್ಲ. ಅವರಿಗೆ ಬೇಕಾದದ್ದು ಬೇರೇನೋ. ಕಾನೂನಿನ ಪ್ರಕಾರ ಆಗ ಅಲ್ಲಿ 21 ತುಂಬುವವರೆಗೆ ಯಾರೂ ಪ್ರಾಪ್ತ ವಯಸ್ಕರಲ್ಲ. ಅದನ್ನು 18ಕ್ಕೆ ಇಳಿಸಿದ್ದು 1970ರಿಂದ. ಆ ಹಾಡು ಹುಟ್ಟಿದ್ದು ಈ ಎರಡು ತಲೆಮಾರುಗಳ ನಡುವಿನ ಹೊಸ್ತಿಲ ಮೇಲೆ.

ಅಂಥ ಹೊತ್ತಿನಲ್ಲಿ 24ರ ಪಾಲ್, 26ರ ಜಾನ್ ಹುಡುಗಿಯ ಪಕ್ಷ ವಹಿಸಿ ಹಿರಿಯರನ್ನು ಗೇಲಿ ಮಾಡಿದ್ದರೆ ಆಶ್ಚರ್ಯವಿರಲಿಲ್ಲ. ಹಾಗೆ ಮಾಡಲಿಲ್ಲ. ಒಬ್ಬ ಹುಡುಗಿಯ ಕಥೆ ಹೇಳುತ್ತಿದ್ದರೆ ಇನ್ನೊಬ್ಬ ಅದರ ನಡುವೆಯೇ ತಂದೆತಾಯಿಯ ದನಿಯಾಗುತ್ತಾನೆ. ಎರಡೂ ಒಟ್ಟಿಗೆ ಕೇಳಿಸುತ್ತವೆ. ಒಂದಕ್ಕೊಂದು ಉತ್ತರ ಕೊಡುವುದಿಲ್ಲ. ಪಾಲ್‌ಗೆ 14 ವರ್ಷವಾಗಿದ್ದಾಗ, 1956ರಲ್ಲಿ, ದಾದಿಯಾಗಿದ್ದ ತಾಯಿ ಮೇರಿ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಜಾನ್‌ನ ತಾಯಿ ಜೂಲಿಯಾ 1958ರಲ್ಲಿ ಕಾರಿನ ಅಪಘಾತಕ್ಕೆ ಸಿಕ್ಕಿ ಸತ್ತಳು. ತಾಯಿಯನ್ನು ಕಾಗದ ಹಿಡಿದು ನಿಲ್ಲಿಸಿ ಹೋದ ಮಗಳ ಹಾಡನ್ನು ಬರೆದವರು ತಾಯಿಯಿಲ್ಲದ ಇಬ್ಬರು. ತಾಯಿಯ ಸಂಕಟವನ್ನು ಅವರು ಹಗುರಾಗಿ ಕಾಣದಿದ್ದುದಕ್ಕೆ ಇದೇ ಕಾರಣವಿರಬಹುದೆಂದು ನನಗನ್ನಿಸುತ್ತದೆ.

ಈ ಹಾಡಿನಲ್ಲಿ ಬೀಟಲ್ಸ್‌ನ ನಾಲ್ವರಲ್ಲಿ ಒಬ್ಬರೂ ವಾದ್ಯ ಮುಟ್ಟಿಲ್ಲ. ನಾಲ್ಕು ಪಿಟೀಲು, ಎರಡು ವಯೋಲ, ಎರಡು ಚೆಲೋ, ಒಂದು ಡಬಲ್ ಬೇಸ್, ಒಂದು ಹಾರ್ಪ್. ತಂಡಕ್ಕೆ ಸದಾ ವಾದ್ಯ ಸಂಯೋಜನೆ ಮಾಡುತ್ತಿದ್ದ ಜಾರ್ಜ್ ಮಾರ್ಟಿನ್ ಆ ಹೊತ್ತಿಗೆ ಬೇರೆ ಧ್ವನಿಮುದ್ರಣದಲ್ಲಿದ್ದ. ಪಾಲ್‌ಗೆ ತಾಳ್ಮೆಯಿರಲಿಲ್ಲ; ಮೈಕ್ ಲಿಯಾಂಡರ್ ಎಂಬುವನಿಂದ ಬರೆಸಿಬಿಟ್ಟ. ಮಾರ್ಟಿನ್‌ಗೆ ನೋವಾಯಿತು. ಆದರೂ 1967ರ ಮಾರ್ಚ್ 17ರ ರಾತ್ರಿ ತಾನೇ ನಿಂತು ವಾದ್ಯದವರನ್ನು ನಡೆಸಿದ. ದೊಡ್ಡತನವೆಂದರೆ ಇದೇ ಅಲ್ಲವೆ?

ಅಂದು ಹಾರ್ಪ್ ನುಡಿಸಿದಾಕೆ ಷೀಲಾ ಬ್ರೋಂಬರ್ಗ್. ಬೀಟಲ್ಸ್ ಧ್ವನಿಮುದ್ರಣದಲ್ಲಿ ವಾದ್ಯ ನುಡಿಸಿದ ಮೊದಲ ಮಹಿಳೆ ಆಕೆ. ಬರೆದುಕೊಟ್ಟದ್ದನ್ನು ಆಕೆ ನುಡಿಸಿದಳು. ಪಾಲ್‌ಗೆ ಇನ್ನೇನೋ ಬೇಕಾಗಿತ್ತು, ಏನೆಂದು ಹೇಳಲು ಅವನಿಗೂ ಬಾರದು. ಮತ್ತೆ ಮತ್ತೆ ನುಡಿಸಿದ್ದಾಯಿತು. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಮೊಟ್ಟಮೊದಲು ನುಡಿಸಿದ್ದೇ! ಆಕೆಗೆ ಸಿಕ್ಕಿದ್ದು 9 ಪೌಂಡ್. ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂಬ ಆ ಆಲ್ಬಮ್ಮಿನ ಹೊದಿಕೆಯ ಮೇಲೆ ಆಕೆಯ ಹೆಸರಿರಲಿಲ್ಲ. 1968ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಪಡೆದ ಮೊದಲ ರಾಕ್ ಆಲ್ಬಮ್ ಅದು. ನಮ್ಮ ದಿಲ್‌ರುಬಾ, ತಬಲಾಗಳನ್ನು ಕೂರಿಸಿಕೊಂಡು ಜಾರ್ಜ್ ಹ್ಯಾರಿಸನ್ ಕಟ್ಟಿದ ಹಾಡೂ ಅದರಲ್ಲೇ ಇದೆ. ನನ್ನ ಕಿವಿ ಮಾತ್ರ ಷೀಲಾ ಅವರ ತಂತಿಗೇ ಹಿಂತಿರುಗುತ್ತದೆ. ಒಂದು ಇಡೀ ಮನೆಯ ಬೆಳಗು ಆ ಬೆರಳುಗಳಿಂದ ಆಗುತ್ತದೆ.

ಈಗ ಹುರುಳಿಕಾಯಿಯ ಮಾತು. ಹದಿನೈದು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಶಾಲೆ ಬಿಡುವ ಹೊತ್ತಿಗೆ ಬಂದು, ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು. ‘ಹುಡುಗಿ ಬೆಳಿಗ್ಗೆ ಎದ್ದು ನೋಡಿದ್ರೆ ಇಲ್ಲ ಮೇಡಂ. ನಂಗೆ ಓದಕ್ಕೆ ಬರಲ್ಲ. ಅವ್ರಪ್ಪ ಬರೋ ಮೊದ್ಲು ಏನ್ ಬರ್ದವ್ಳೆ ಹೇಳಿ.’ ಹುಡುಗಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ದುಂಡನೆಯ ಅಕ್ಷರ, ತಿದ್ದಿಸಿದವಳು ನಾನೇ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರುತ್ತೇನೆ, ಈಗಲೇ ಮದುವೆ ಬೇಡ, ಹುಡುಕಬೇಡಿ ಎಂದು ಬರೆದಿದ್ದಳು. ನಡುವೆ ಒಂದು ಸಾಲು: ನನ್ನ ಮಾತನ್ನು ಯಾರೂ ಕೇಳಲಿಲ್ಲ, ಮೇಡಂ ಹತ್ತಿರ ಎರಡು ಸಲ ಹೋದೆ, ಅವರೂ ಕೇಳಲಿಲ್ಲ.

ಹೌದು, ಬಂದಿದ್ದಳು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ‘ಮೊದಲು ಪಿಯುಸಿ ಮುಗಿಸು, ಆಮೇಲೆ ನೋಡೋಣ’ ಎಂದು ತಲೆಯೆತ್ತದೆ ಹೇಳಿ ಕಳಿಸಿದ್ದೆ.

ಆ ಸಾಲನ್ನು ನಾನು ಓದಲಿಲ್ಲ. ಹಾರಿಸಿಬಿಟ್ಟೆ. ಮಿಕ್ಕಿದ್ದನ್ನು ಗಟ್ಟಿಯಾಗಿ ಓದಿ ಕಾಗದ ಮಡಿಸಿ ಕೊಟ್ಟೆ. ‘ನಾವೇನು ಕಮ್ಮಿ ಮಾಡಿದ್ವಿ ಮೇಡಂ?’ ಎಂದು ಆಕೆ ಅತ್ತಾಗ ಬೆನ್ನು ಸವರಿ, ‘ಈಗಿನ ಮಕ್ಕಳೇ ಹಾಗೆ’ ಎಂದೂ ಅಂದೆ.

ಹಾಡು ಕೇಳಿದ ಮೇಲೆ ಆ ಸಾಲು ನನ್ನನ್ನು ಬಿಡಲಿಲ್ಲ. ಅದೇ ವರ್ಷ ದೀಪಾವಳಿಯ ಸಂತೆಯಲ್ಲಿ ಆ ತಾಯಿ ಸಿಕ್ಕಳು. ಮಗಳು ಬೆಂಗಳೂರಿನಲ್ಲಿ ಚೆನ್ನಾಗಿದ್ದಾಳೆ, ಹಬ್ಬಕ್ಕೆ ಬರುತ್ತಾಳೆ ಎಂದಳು. ನಾನು ಅವಳನ್ನು ಬದಿಗೆ ಕರೆದು, ಅಂದು ಒಂದು ಸಾಲು ಓದದೆ ಬಿಟ್ಟಿದ್ದೆ ಎಂದು ಹೇಳಿದೆ. ಆಕೆ ಬಾಳೆಕಂದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

‘ಗೊತ್ತು ಮೇಡಂ. ಆವತ್ತು ರಾತ್ರೀನೇ ಪಕ್ಕದ್ಮನೆ ಹುಡ್ಗನ ಹತ್ರ ಇನ್ನೊಂದ್ಸಲ ಓದಿಸ್ದೆ. ನಾವ್ ಕೇಳಿದ್ರೆ ತಾನೇ ನಿಮ್ಮನ್ ಅನ್ನೋದು?’ ಎಂದಳು.

ಮನೆಗೆ ಬಂದು ಮಗಳ ಕೋಣೆಯ ಬಾಗಿಲು ತಟ್ಟಿದೆ. ‘ಸೌಂಡ್ ಕಡಿಮೆ ಮಾಡಬೇಕಾ?’ ಎಂದು ಕೇಳಿದಳು. ಬೇಡ ಎಂದು ಹೇಳಿ ಅವಳ ಮಂಚದ ತುದಿಯಲ್ಲಿ ಕೂತೆ.